ಸಿದ್ದಣ್ಣ ಹೇಳದ ‘ಒಂದು’

ಗೆಳೆಯರೇ, ಗೈಡ್ ಕೆಲಸಕ್ಕೆಂದು ವಾರವೆಲ್ಲ ಇಟಾಲಿಯನ್ ಅಂಕಿಗಳನ್ನು ಉರು ಹೊಡೆದಿದ್ದೆ. ಒಂದಕ್ಕೆ ಊನೊ, ಎರಡಕ್ಕೆ ದೂಎ. ಹಳೇಬೀಡು ನೋಡಿ ಬಂದ ಇಟಲಿಯ ಹೆಂಗಸನ್ನು ಇವತ್ತು ಅರಸೀಕೆರೆಯ ತೆಂಗಿನಕಾಯಿ ಮಂಡಿಗೆ ಕರೆದೊಯ್ದೆ. ಕಾಯಿ ಎಣಿಸುವ ಸಿದ್ದಣ್ಣ ಶುರು ಮಾಡಿದರು: “ಲಾಭ, ಎರಡು, ಮೂರು...”

ನನ್ನ ಊನೊ ಬಾಯಲ್ಲೇ ಉಳಿಯಿತು. “ಮೊದಲನೆಯದಕ್ಕೆ ಏನೆಂದರು?” ಎಂದು ಆಕೆ ಇಂಗ್ಲಿಷಿನಲ್ಲಿ ಕೇಳಿದರು. ರೈಲಿಗೆ ಬೇರೆ ಹೊತ್ತಾಗುತ್ತಿತ್ತು.

“ಸಿದ್ದಣ್ಣ, ಒಂದೇ ಒಂದ್ಸಲ ‘ಒಂದು’ ಅನ್ನಿ” ಎಂದು ಗೋಗರೆದೆ.

“ರಾಶಿ ಮುಂದೆ ಹಂಗನ್ನಬಾರ್ದು ಕಣ್ರೀ. ಲಾಭ ಅಂತ್ಲೇ ಶುರು ಮಾಡೋದು. ನಿಮ್ಮ ಇಟಲಿಗೋಸ್ಕರ ನಾನ್ಯಾಕೆ ಪದ್ಧತಿ ಬಿಡ್ಲಿ?”

ಅದನ್ನೇ ಆಕೆಗೆ ವಿವರಿಸಿದೆ. ಹೊರಡುವಾಗ ಆಕೆ ತಮ್ಮ ಚೀಲಗಳನ್ನು ಎಣಿಸಿದರು: “ಲಾಭ, ದೂಎ, ತ್ರೆ.”

ಊನೊ ಇನ್ನೂ ನನ್ನ ಹತ್ತಿರವೇ ಇದೆ. ಯಾರಿಗಾದರೂ ಬೇಕಿದ್ದರೆ ಹೇಳಿ.