ಅಕ್ಕನ ಹಲ್ಲಿನ ಪಡಿಯಚ್ಚು

ಕಟ್ಟುಹಲ್ಲು ಮಾಡುವ ಅವನನ್ನು ಬೀದಿಯವರೆಲ್ಲ ಹಲ್ಲುಮಾವ ಎಂದೇ ಕರೆಯುತ್ತಿದ್ದರು. ಅವನು ಕಟ್ಟಿಕೊಟ್ಟ ಹಲ್ಲಿನಲ್ಲಿ ಕಬ್ಬಿಣದ ಕಡಲೆಯನ್ನು ನಿಜವಾಗಿಯೂ ಅಗಿದವರಿದ್ದರು. ಮುದುಕನೊಬ್ಬ ಸಿಟ್ಟು ನೆತ್ತಿಗೇರಿ ಬಾಗಿಲ ಚಿಲಕವನ್ನೇ ಕಚ್ಚಿ ತುಂಡು ಮಾಡಿದ್ದ.

ಮಗು ಅಪ್ಪನ ಪಡಿಯಚ್ಚು, ತಂಗಿ ಅಕ್ಕನ ಪಡಿಯಚ್ಚು ಎಂದು ಜನ ಸಲೀಸಾಗಿ ಆಡುವ ಮಾತಿನ ಹುಟ್ಟನ್ನು ಅವನಿಗೆ ತಿಳಿಸಿದ್ದು ಕೆಲಸ ಕಲಿಸಿದ ಗುರು. "ಪಡಿ ಅಂದ್ರೆ ಪ್ರತಿ ಕಣೋ, ಎದುರಿಗೆ ನಿಲ್ಲೋದು. ಅಚ್ಚು ಅಂದ್ರೆ ಒತ್ತಿ ತೆಗೆದಿದ್ದು. ಒಂದರ ಹಾಗೆ ಇನ್ನೊಂದು ಆಗ್ಬೇಕಾದ್ರೆ, ನಡುವೆ ಪೂರ್ತಿ ಉಲ್ಟಾ ಒಂದು ಇರ್ಬೇಕು." ನಿಜವೇ. ಹಿಟ್ಟಿನಂಥ ಮೆತ್ತನೆ ಪಾಕವನ್ನು ಬಾಯೊಳಗೆ ಒತ್ತಿದರೆ ಹಲ್ಲಿದ್ದಲ್ಲೆಲ್ಲ ಹಳ್ಳ. ಆ ಹಳ್ಳಕ್ಕೆ ಪ್ಲಾಸ್ಟರ್ ಸುರಿದರೆ ಮತ್ತೆ ಹಲ್ಲು! ಲಕ್ಷ ಬಾಯಿ ಕಂಡ ಮೇಲೂ ಅಚ್ಚು ಬಿಚ್ಚುವಾಗ ಹಲ್ಲುಮಾವನ ಉಸಿರು ನಿಲ್ಲುತ್ತಿತ್ತು.

ಅಂಥವನ ಸ್ವಂತ ಅಕ್ಕನ ಮೇಲ್ಸಾಲಿನ ಹಲ್ಲೆಲ್ಲ ಉದುರಿದವು. ಅಕ್ಕ ನಕ್ಕರೆ ಮೂರು ಬೀದಿಯಾಚೆ ಅಳುವ ಕೂಸೂ ಸುಮ್ಮನಾಗುತ್ತಿತ್ತು. ಈಗ ಅವಳು ಅಂಗೈಯಿಂದ ಬಾಯಿ ಮುಚ್ಚಿಕೊಂಡು, ನಗುವುದನ್ನೇ ಬಿಟ್ಟಳು. ಹಲ್ಲುಮಾವ ತನ್ನ ವಿದ್ಯೆಯನ್ನೆಲ್ಲ ಧಾರೆಯೆರೆದು, ದಾರ ಹಿಡಿದಷ್ಟು ನೇರವಾದ, ಮುತ್ತಿನಂಥ ಹಲ್ಲು ಜೋಡಿಸಿ ತೊಡಿಸಿದ.

ಅಕ್ಕ ಕನ್ನಡಿ ನೋಡಿದಳು. "ಇದ್ಯಾವ ಮಹಾರಾಣಿ ಬಾಯೋ? ನನ್ನದೆಲ್ಲಿ?" ಎಂದು ತೆಗೆದು ಲೋಟಕ್ಕೆ ಹಾಕಿದಳು.

ಅವನು ಅವಳ ಬಾಯಿಯ ಅಚ್ಚನ್ನು ಮತ್ತೆ ಕೈಗೆತ್ತಿಕೊಂಡ. ಬರೀ ಒಸಡಿನ ಅಚ್ಚಿನಲ್ಲಿ ಹಲ್ಲು ಹೇಗಿತ್ತೆಂಬುದು ಎಲ್ಲಿರುತ್ತದೆ? ಫೋಟೋ ನೋಡೋಣವೆಂದರೆ, ಕ್ಯಾಮೆರಾ ಕಂಡೊಡನೆ ಅಕ್ಕ ತುಟಿಗೆ ಬೀಗ ಹಾಕುತ್ತಿದ್ದವಳು.

ಲೋಟದಲ್ಲಿದ್ದ ಹಲ್ಲನ್ನು ನೋಡಿ ಅಕ್ಕನ ಮಗಳು ಬಿದ್ದು ಬಿದ್ದು ನಕ್ಕಳು. "ಏನ್ ಮಾವ, ಅಮ್ಮನ ಬಾಯಿಗೆ ಕಾಂಪೌಂಡ್ ಗೋಡೆ ಕಟ್ಟಿದ್ದೀಯಲ್ಲ!"

ಹಲ್ಲುಮಾವ ಎದ್ದು ನಿಂತ. ನಗುತ್ತಿದ್ದ ಅವಳ ಮುಂದಿನ ಎರಡು ಹಲ್ಲಿನ ನಡುವೆ ಗೋಧಿಕಾಳು ನುಸುಳುವಷ್ಟು ಸಂದು. ಪಕ್ಕದ್ದು ಒಂಚೂರು ಹೆಗಲು ತಿರುಗಿಸಿ ನಿಂತಿದೆ.

"ಬಾಯಿ ಮುಚ್ಚಬೇಡ ಕಣೇ!"

"ಮದುವೆಯಾದಾಗಿಂದ ಈ ಮಾತು ಹೇಳಿದ ಮೊದಲ ಗಂಡಸು ನೀನು ಮಾವ," ಎಂದು ಅವಳು ಕುರ್ಚಿಯಲ್ಲಿ ಕೂತಳು.

ಮಗಳ ಹಲ್ಲಿನ ಅಚ್ಚು ತೆಗೆದು, ಅದನ್ನು ಎದುರಿಗಿಟ್ಟುಕೊಂಡು, ಅಕ್ಕನ ಕಟ್ಟುಹಲ್ಲನ್ನು ಒಂದೊಂದಾಗಿ ಕಿತ್ತು ಮೆತ್ತನೆ ಮೇಣದಲ್ಲಿ ಮತ್ತೆ ನಿಲ್ಲಿಸಿದ. ಸಂದು ಬಿಟ್ಟ. ಹೆಗಲು ತಿರುಗಿಸಿದ. ತಾಯಿಯಿಂದ ಮಗಳು ಅಚ್ಚಾಗಿ ಬಂದದ್ದನ್ನು ಲೋಕ ಕಂಡಿದೆ. ಮಗಳಿಂದ ತಾಯಿ ಮರಳಿ ಬರುತ್ತಿದ್ದಳು, ಅವನ ಬೆರಳುಗಳ ನಡುವೆಯೇ.

ಅಕ್ಕ ಹೊಸ ಹಲ್ಲು ಹಾಕಿಕೊಂಡು ಸಂದಿಗೆ ನಾಲಿಗೆ ತಾಗಿಸಿದಳು. ಆಮೇಲೆ ಮಗಳ ಮುಖ ನೋಡಿದಳು. ಇಬ್ಬರೂ ಒಟ್ಟಿಗೇ ನಕ್ಕರು. ಕಪಾಟಿನ ಮೇಲೆ ಸಾಲಾಗಿಟ್ಟಿದ್ದ ಪ್ಲಾಸ್ಟರ್ ದವಡೆಗಳೂ ಜೊತೆಗೂಡಿ ಕಟಕಟನೆ ನಕ್ಕವು.

ಹಲ್ಲುಮಾವ ಕಣ್ಣು ಪಿಳುಕಿಸದೆ ನಿಂತೇ ಇದ್ದ.

"ಏನೋ ಹಾಗೆ ನೋಡ್ತೀಯ? ಬಾಯಿ ಮುಚ್ಚೋ, ನೊಣ ಹೋದೀತು," ಎಂದಳು ಅಕ್ಕ.