ಮೊಳಕಾಲ್ಮೂರಿಗೆ ಹೋದ ಸಲೈನ್ ಸ್ಟ್ಯಾಂಡು

ಬೆಳಿಗ್ಗೆ ಆರೂವರೆಗೆ ಬೆಂಗಳೂರು ಬಿಟ್ಟ ಬಳ್ಳಾರಿ ಬಸ್ಸು ಚಳ್ಳಕೆರೆ ಮುಟ್ಟಿದಾಗ ಹನ್ನೊಂದೂವರೆ. ತೊಂಬತ್ತರ ದಶಕದ ಕೊನೆಯ ಒಂದು ಫೆಬ್ರವರಿ. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ನನ್ನ ಜೊತೆ ಹಳೆ ಸೀರೆಯಲ್ಲಿ ಸುತ್ತಿದ ಸಲೈನ್ ಸ್ಟ್ಯಾಂಡಿತ್ತು. ರೋಗಿಗಳು ಬಾಟಲಿ ಸಮೇತ ತಾವೇ ತಳ್ಳಿಕೊಂಡು ಓಡಾಡಲಿ ಎಂದು ಗಾಲಿ ಹಾಕಿ ನನ್ನ ಪುಟ್ಟ ಶೆಡ್ಡಿನಲ್ಲಿ ಮಾಡಿದ್ದು. ಮೊಳಕಾಲ್ಮೂರಿನಲ್ಲಿ ನರ್ಸಿಂಗ್ ಹೋಂ ಇಟ್ಟಿದ್ದ ಗೆಳೆಯ, "ತಂದು ತೋರಿಸು, ನನ್ನ ರೋಗಿಗಳು ಒಪ್ಪಿದರೆ ಸರಿ" ಎಂದಿದ್ದ.

ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ಕಂಡಕ್ಟರ್ ಸೀರೆಯ ಗಂಟು ನೋಡಿ, "ಇದ್ಯಾವ ಅಮ್ಮನೋರು ಸಾರ್? ಟಿಕೆಟ್ ತಗಾಬೇಕು ಮತ್ತೆ" ಎಂದ. ಅಮ್ಮನವರಿಗೆ ಅರ್ಧ ಚಾರ್ಜು ಕೊಟ್ಟೆ.

ಗೆಳೆಯನ ವಾರ್ಡಿನಲ್ಲಿ ಹತ್ತಿರದ ಸಿದ್ದಾಪುರದ ಓಬಮ್ಮ ಮಲಗಿದ್ದರು. ಕುರಿ ಮೇಯಿಸುವ ಮನೆಯ ಹಿರಿಯ ಹೆಂಗಸು. ವಾಂತಿಭೇದಿಯಿಂದ ಸೊರಗಿದ್ದ ಅವರಿಗೆ ಎರಡು ದಿನದಿಂದ ಸಲೈನ್ ಏರುತ್ತಿತ್ತು. ಸೊಸೆ ಬಾಣಂತಿ, ಇದ್ದೊಬ್ಬ ನರ್ಸಿಗೆ ಪುರುಸೊತ್ತಿಲ್ಲ, ಹಾಗಾಗಿ ಕಕ್ಕಸಿಗೆ ಹೋಗುವಾಗಲೆಲ್ಲ ಮಗ ಬೋರಯ್ಯನೇ ಬಾಟಲಿ ಎತ್ತಿ ಹಿಡಿದು ಒಳಗೆ ನಿಲ್ಲಬೇಕು. ಆ ನಾಚಿಕೆಗೆ ಓಬಮ್ಮ ಗುಟುಕು ನೀರೂ ಕುಡಿಯುತ್ತಿರಲಿಲ್ಲ.

"ಎತ್ತಿ ಆಡಿಸಿದ ಮಗ ಗೋಡೆ ಕಡೆ ಮುಖ ಮಾಡ್ಕಂಡು ನಿಂತ್ಕಂತಾನೆ. ನನಗೆ ಪ್ರಾಣ ಹೋದಂಗಾಗ್ತೈತಪ್ಪಾ" ಎಂದರು.

ಇದಕ್ಕೇ ಅಲ್ಲವೇ ನಾನು ಬಂದದ್ದು ಎಂದು ಉಬ್ಬಿಹೋದೆ. ಬಾಟಲಿ ನೇತುಹಾಕಿ ಕೊಟ್ಟೆ. ಓಬಮ್ಮ ಹತ್ತು ಹೆಜ್ಜೆ ಚೆನ್ನಾಗಿಯೇ ತಳ್ಳಿದರು. ಅದು ನರ್ಸಿಂಗ್ ಹೋಂ ಆಗಿ ಮಾರ್ಪಟ್ಟಿದ್ದ ಹಳೆಯ ಮನೆ. ಕಕ್ಕಸು ಹಿತ್ತಲಲ್ಲಿ, ನಡುವೆ ಅರಿಶಿನ ಹಚ್ಚಿದ ಎತ್ತರದ ಹೊಸ್ತಿಲು. ಅಲ್ಲಿ ನಿಂತುಬಿಟ್ಟರು.

"ಗಾಲಿ ದೊಡ್ಡದಿದೆಯಮ್ಮ, ಜೋರಾಗಿ ತಳ್ಳಿ, ದಾಟುತ್ತೆ" ಎಂದೆ.

"ಹೊಸ್ತಿಲ ಮ್ಯಾಲೆ ಗಾಲಿ ಹಾಯಿಸ್ತಾರೇನಪ್ಪಾ?" ಎಂದು ದುರುಗುಟ್ಟಿದರು.

ಸೂಜಿಯಿಲ್ಲದ ಬಲಗೈಯಿಂದ ಎತ್ತಲು ನೋಡಿದರು. ಉರುಳದಿರಲಿ ಎಂದು ನಾನು ಹಾಕಿದ್ದ ಬೀಡುಕಬ್ಬಿಣದ ತಳ ಅಲುಗಲಿಲ್ಲ. ಕೊನೆಗೆ ಬೋರಯ್ಯನೇ ಬಂದು ಬಾಟಲಿ ಹಿಡಿದ. ಓಬಮ್ಮ ತಲೆ ಎತ್ತದೆ ಅವನ ಜೊತೆ ನಡೆದರು. ನನಗೆ ಮುಖ ತೋರಿಸಲಾಗದಷ್ಟು ನಾಚಿಕೆಯಾಯಿತು.

ಮರಳಿ ಮಲಗಿದ ಮೇಲೆ ಅವರೇ ಹೇಳಿದರು: "ಹಿಡಿಕೆ ಎದೆ ಮಟ್ಟಕ್ಕಿಟ್ಟೀಯ. ಬಕೀಟು ಎದೆ ತಾವ ಹಿಡಿದು ಎತ್ತಾರೇನು? ಸೊಂಟದ ತಾವ ಇಡು, ಕೈಗೆ ಬಲ ಬರ್ತೈತೆ." ಇಂಥ ಸುಲಭದ ಮಾತು ಶೆಡ್ಡಿನಲ್ಲಿ ಕೂತ ನನಗೆ ಆರು ತಿಂಗಳು ಹೊಳೆದಿರಲಿಲ್ಲ.

ಊರಲ್ಲಿ ಆವತ್ತು ಕರೆಂಟು ಹೋಗಿತ್ತು, ವೆಲ್ಡಿಂಗ್ ಮಾಡಿಸುವಂತಿರಲಿಲ್ಲ. ಮರುದಿನ ಮೊದಲ ಬಸ್ಸಿಗೆ ಚಳ್ಳಕೆರೆಗೆ ಹೋಗಿ, ಎಣ್ಣೆ ಮಿಲ್ಲಿನ ಪಕ್ಕ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಬಾಷಾ ಅವರ ಮುಂದೆ ಸ್ಟ್ಯಾಂಡು ಇಳಿಸಿದೆ.

"ಇಷ್ಟು ವಜನ್ ಯಾಕ್ರಿ? ಕಾಲು ಅಗಲ ಇದ್ರೆ ಬೀಳಲ್ಲ" ಎಂದು ಬಾಷಾ ತಳವನ್ನು ಕತ್ತರಿಸಿ ತೆಗೆದು, ತೆಳು ಪೈಪಿನ ಐದು ಕಾಲು ಹಚ್ಚಿ, ಅವಕ್ಕೆ ಗಾಲಿ ಕೂರಿಸಿದರು. ಹಿಡಿಕೆ ಸೊಂಟಕ್ಕಿಳಿಯಿತು. ಅದನ್ನು ಒಂದೇ ಕೈಯಲ್ಲಿ ಬಸ್ಸಿಗೆ ಹತ್ತಿಸಿ, ಬಂಡೆಗುಡ್ಡ, ಕುರಿಹಿಂಡು ನೋಡುತ್ತ ಹಾಯಾಗಿ ಮೊಳಕಾಲ್ಮೂರಿಗೆ ಬಂದೆ.

ಮಧ್ಯಾಹ್ನ ಬೆಂಗಳೂರಿನ ಬಸ್ಸಿಗೆಂದು ನಾನು ಚೀಲ ಹೆಗಲಿಗೇರಿಸುವ ಹೊತ್ತಿಗೆ ಓಬಮ್ಮ ಎದ್ದರು. ಹೊಸ್ತಿಲ ತನಕ ತಳ್ಳಿಕೊಂಡು ಹೋಗಿ, ಸ್ಟ್ಯಾಂಡನ್ನು ಸಲೀಸಾಗಿ ಎತ್ತಿ ಆಚೆಗಿಟ್ಟು, ತಾವೂ ದಾಟಿದರು. ಬೋರಯ್ಯ ರೂಢಿಯಂತೆ ಹಿಂದೆಯೇ ಹೊರಟ. ನಾನೂ ನೋಡುವ ಆಸೆಗೆ ಹಿತ್ತಲಿಗಿಳಿದೆ.

ಕಕ್ಕಸಿನ ಬಾಗಿಲಲ್ಲಿ ಓಬಮ್ಮ ತಿರುಗಿದರು. "ಲೇ, ಎಲ್ಲಿಗೆ ಬರ್ತೀಯಾ? ಹೋಗಿ ಕುಂತ್ಕ. ಆ ಬೆಂಗ್ಳೂರಪ್ಪನ್ನೂ ಕರ್ಕಂಡ್ಹೋಗು."

ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕ ಹಾಕಿದ ಸದ್ದು ಕೇಳಿಸಿಕೊಂಡೇ ನಾನು ಬಸ್ ನಿಲ್ದಾಣದ ದಾರಿ ಹಿಡಿದೆ.