ಶಂಭುಲಿಂಗಯ್ಯನವರ ಎಣ್ಣೆ ಸೀಸೆ

ಆಸ್ಪತ್ರೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವ ಡ್ರೆಸ್ಸರ್ ಶಂಭುಲಿಂಗಯ್ಯ ಕೈಯಿಟ್ಟರೆ ನೋವೇ ಇಲ್ಲ ಎಂಬ ಮಾತು ತುರುವೇಕೆರೆಯಿಂದ ಹುಳಿಯಾರಿನವರೆಗೂ ಹಬ್ಬಿತ್ತು. ಗಾಯಕ್ಕೆ ಅಂಟಿದ ಬಟ್ಟೆಯನ್ನು ಬೇರೆಯವರು ಚರ್ರನೆ ಕೀಳುತ್ತಿದ್ದರು. ಈ ಪುಣ್ಯಾತ್ಮರು ಮಾತ್ರ ಮನೆಯಿಂದ ಸೀಸೆಯಲ್ಲಿ ತಂದ ಕೊಬ್ಬರಿ ಎಣ್ಣೆಯಲ್ಲಿ ನವಿಲುಗರಿ ಅದ್ದಿ, ಅಂಚಿಗೆ ಸವರಿ, ಊರ ಸುದ್ದಿ ಹೇಳುತ್ತಲೇ ಬಿಡಿಸುತ್ತಿದ್ದರು. ಡಾಕ್ಟರಮ್ಮನಿಗೆ ಈ ಸೀಸೆಯ ವಿಷಯ ಗೊತ್ತಿರಲಿಲ್ಲ.

ಎಪ್ಪತ್ತೆಂಟರಲ್ಲಿ ವಾರ್ಡಿನ ಹಲವರ ಗಾಯಗಳು ಒಣಗದಾದವು. ಪೆನ್ಸಿಲಿನ್ನಿಗೂ ಜಗ್ಗಲಿಲ್ಲ. ಹುಚ್ಚಣ್ಣನ ಕಾಲು ಕತ್ತರಿಸಿದ್ದಾಯಿತು. ಕಾಯಿ ಸುಲಿಯುವಾಗ ಸಲಾಕೆ ನಾಟಿಸಿಕೊಂಡು ಬಂದ ಮುದ್ದಣ್ಣನ ಕಾಲೂ ಅದೇ ದಾರಿ ಹಿಡಿದಿತ್ತು.

ಆ ಇಬ್ಬರದೂ ಕೆಂಚಪ್ಪನದೂ ಸೇರಿ ಮೂವರ ಕೀವನ್ನು ಪರೀಕ್ಷೆಗೆ ಬೆಂಗಳೂರಿಗೆ ಕಳಿಸಿದ್ದ ಡಾಕ್ಟರಮ್ಮ ಒಂದು ಬೆಳಿಗ್ಗೆ ವರದಿ ಹಿಡಿದು ಎಲ್ಲರನ್ನೂ ಕರೆದರು. "ಮೂವರದ್ದೂ ಒಂದೇ ಹೆಸರಿನ ಕ್ರಿಮಿ. ಆದ್ರೆ ಅದ್ರಲ್ಲೂ ವಂಶ ಬೇರೆ ಬೇರೆ ಇರುತ್ತೆ. ಹುಚ್ಚಣ್ಣ, ಮುದ್ದಣ್ಣಂದು ಒಂದೇ ವಂಶ, ಐದು ಔಷಧಿಗೂ ಬಗ್ಗಲ್ಲ. ನಡುವೆ ಮಲಗಿರೋ ಕೆಂಚಪ್ಪಂದು ಬೇರೆ, ಪೆನ್ಸಿಲಿನ್ನಿಗೇ ಸಾಯುತ್ತೆ. ಪಕ್ಕದವನನ್ನ ಬಿಟ್ಟು ಅದು ಹೇಗೆ ದಾಟ್ತು?"

ಶಂಭುಲಿಂಗಯ್ಯನವರಿಗೆ ತಟ್ಟನೆ ಹೊಳೆಯಿತು. ಕೆಂಚಪ್ಪನಿಗೆ ಅಣ್ಣ ತೀರಿಕೊಂಡ ಸೂತಕ. "ಎಣ್ಣೆ ಸೋಕಿಸ್ಬೇಡಿ ಅಯ್ನೋರೇ" ಎಂದು ಹಲ್ಲುಕಚ್ಚಿ ನೋವು ತಿಂದವನು ಅವನೊಬ್ಬನೇ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಇಪ್ಪತ್ತು ವರ್ಷದ ಹೆಸರು ಒಂದು ಕಡೆ, ಮುದ್ದಣ್ಣನ ಕಾಲು ಇನ್ನೊಂದು ಕಡೆ. ಬೀರುವಿನ ಹಿಂದಿನಿಂದ ಸೀಸೆ ತಂದು ಮೇಜಿನ ಮೇಲಿಟ್ಟರು.

"ಕೆಂಚಪ್ಪನೊಬ್ಬನ್ನ ಬಿಟ್ಟು ಎಲ್ರ ಗಾಯಕ್ಕೂ ಇದೇ ಎಣ್ಣೆ, ಇದೇ ಗರಿ ಆಡಿಸ್ದೆ ತಾಯಿ."

ಪರೀಕ್ಷೆಯಲ್ಲಿ ಗರಿಯಲ್ಲೂ ಅದೇ ವಂಶ ಸಿಕ್ಕಿತು.

ಮರುದಿನದಿಂದಲೇ ಕುದಿಸಿದ ಉಪ್ಪುನೀರು, ಒಬ್ಬೊಬ್ಬರಿಗೂ ಬೇರೆ ಬೇರೆ ಚಿಮುಟ. ಮುದ್ದಣ್ಣ ಚೀರಿದ. "ಎಣ್ಣೆ ಹಾಕಿ ಅಯ್ನೋರೇ, ಜೀವ ಹೋಯ್ತದೆ."

"ಹಾಕಿದ್ರೇ ಹೋಗೋದು ಕಣಪ್ಪ" ಎನ್ನುತ್ತ ಶಂಭುಲಿಂಗಯ್ಯನವರೂ ಅತ್ತರು. ಡಾಕ್ಟರಮ್ಮ ತರಿಸಿದ ಹೊಸ ಔಷಧಿ ಹಿಡಿಯಿತು, ಕಾಲು ಉಳಿಯಿತು.

ಇನ್ನು ಹುಚ್ಚಣ್ಣ. ಶಂಭುಲಿಂಗಯ್ಯ ಅವನ ಮಂಚದ ಬಳಿ ನಿಂತು ಎಲ್ಲವನ್ನೂ ಹೇಳಿದರು. ಬೈಯಲಿ ಎಂದೇ ಕಾದರು. ಅವನು ಮೋಟುಗಾಲಿನ ಮೇಲೆ ಹೊದಿಕೆ ಎಳೆದುಕೊಂಡ.

"ನೋಯ್ಬಾರ್ದು ಅಂತ ತಾನೇ ಹಚ್ಚಿದ್ದು, ಬುಡಿ ಅಯ್ನೋರೇ."

ಬೈದಿದ್ದರೆ ಮರೆಯಬಹುದಿತ್ತೇನೋ. ಆಮೇಲೆ ಬದುಕಿದ್ದಷ್ಟು ದಿನವೂ ಶಂಭುಲಿಂಗಯ್ಯ ದೀಪಾವಳಿಯ ಎಣ್ಣೆನೀರಿಗೂ ತಲೆಗೆ ಎಣ್ಣೆ ಮುಟ್ಟಿಸಲಿಲ್ಲ.